ಹಳೆಯ ಗೋಡೆಗೆ ವೈರ್‌ಲೆಸ್ ಸೆನ್ಸರ್

ಬ್ರಿಟನ್ನಿನಲ್ಲಿ 1919ಕ್ಕೂ ಮೊದಲು ಕಟ್ಟಿದ ಲಕ್ಷಾಂತರ ಮನೆಗಳಲ್ಲಿ ಇಂದಿಗೂ ಜನ ವಾಸವಾಗಿದ್ದಾರೆ. ಹೆಚ್ಚಿನವಕ್ಕೆ ಒಂಬತ್ತು ಅಂಗುಲದ ಇಟ್ಟಿಗೆ ಗೋಡೆ ಅಥವಾ ಕಲ್ಲಿನ ಗೋಡೆ. ನಂತರದ ಮನೆಗಳ ಗೋಡೆಯಲ್ಲಿರುವ ನಡುಪೊಳ್ಳು ಇವುಗಳಲ್ಲಿಲ್ಲ. ಚಳಿಗಾಲದಲ್ಲಿ ಇಂಥ ಮನೆ ಬೆಚ್ಚಗಿರಲು ಗ್ಯಾಸ್ ಬಾಯ್ಲರ್ ಬಹಳ ಹೊತ್ತು ಉರಿಯಬೇಕು.

ಗೋಡೆಯಿಂದ ಶಾಖ ಸೋರುವ ಪ್ರಮಾಣವೇ ಯು-ಮೌಲ್ಯ: ಒಳಗೂ ಹೊರಗೂ ಒಂದು ಡಿಗ್ರಿ ಅಂತರವಿದ್ದಾಗ ಒಂದು ಚದರ ಮೀಟರ್ ಗೋಡೆಯನ್ನು ದಾಟುವ ವಾಟ್‌ಗಳ ಲೆಕ್ಕ. ಗಟ್ಟಿ ಇಟ್ಟಿಗೆ ಗೋಡೆಗೆ ಇದು 2.1 ಎಂದು ಬ್ರಿಟನ್ನಿನ ಅಧಿಕೃತ ಕೋಷ್ಟಕ ಬಹುಕಾಲ ಹೇಳುತ್ತಿತ್ತು. 1877ರಲ್ಲಿ ವಿಲಿಯಂ ಮಾರಿಸ್ ಮುಂತಾದವರು ಹುಟ್ಟುಹಾಕಿದ ಪುರಾತನ ಕಟ್ಟಡ ಸಂರಕ್ಷಣಾ ಸಂಘವೂ ಇತರ ಸಂಶೋಧಕರೂ ನಿಜವಾದ ಗೋಡೆಗಳನ್ನೇ ಅಳೆದಾಗ, ಅನೇಕ ಗೋಡೆಗಳ ಸೋರಿಕೆ ಅದಕ್ಕಿಂತ ಸಾಕಷ್ಟು ಕಡಿಮೆಯಿತ್ತು. ಕೋಷ್ಟಕದ ಅಂಕಿ ಮುಂದೆ 1.7ಕ್ಕೆ ಇಳಿಯಿತು. ಇದು ಸಣ್ಣ ವಿಷಯವಲ್ಲ. ಸೋರಿಕೆಯನ್ನು ಹೆಚ್ಚೆಂದು ಲೆಕ್ಕ ಹಾಕಿದರೆ, ಶಾಖ ತಡೆಯುವ ನಿರೋಧಕ ಪದರ ಹಾಕಿಸಿದಾಗ ಆಗುವ ಉಳಿತಾಯವೂ ಹೆಚ್ಚೆಂದು ಕಾಣುತ್ತದೆ. ಮನೆಯವರು ಸಾಲ ಮಾಡಿ ಹಾಕಿಸಿದ ನಿರೋಧಕ ಪದರದ ಖರ್ಚು ಹೇಳಿದಷ್ಟು ಬೇಗ ಹಿಂದಿರುಗುವುದಿಲ್ಲ.

ಅಳತೆಗೆ, ಶಾಖದ ಹರಿವನ್ನು ಗುರುತಿಸುವ ತೆಳುವಾದ ಬಿಲ್ಲೆಯೊಂದನ್ನು ಗೋಡೆಯ ಒಳಮೈಗೆ ಅಂಟಿಸುತ್ತಾರೆ. ಒಳಗೊಂದು, ಹೊರಗೊಂದು ಉಷ್ಣತೆಯ ಸೆನ್ಸರ್ ಇಡುತ್ತಾರೆ. ಬಿಸಿಲು ಬೀಳದ ಉತ್ತರದ ಗೋಡೆ, ರೇಡಿಯೇಟರ್‌ನಿಂದ ದೂರದ ಜಾಗ ಇದಕ್ಕೆ ಸೂಕ್ತ. ದಪ್ಪ ಗೋಡೆ ಹಗಲಿನ ಶಾಖವನ್ನು ಹಿಡಿದಿಟ್ಟು ತಡವಾಗಿ ಬಿಡುವುದರಿಂದ ಕನಿಷ್ಠ ಮೂರು ದಿನ, ಸಾಮಾನ್ಯವಾಗಿ ಒಂದೆರಡು ವಾರ ಅಳೆಯಬೇಕಾಗುತ್ತದೆ.

ತಂತಿ ಎಳೆಯಲು ಹಳೆಯ ಗಾರೆಯನ್ನು ಕೊರೆಯಬೇಕಿಲ್ಲ ಎಂಬುದೇ ವೈರ್‌ಲೆಸ್‌ನ ದೊಡ್ಡ ಅನುಕೂಲ. ಸೆನ್ಸರ್ ನಿದ್ರಿಸುತ್ತಲೇ ಇದ್ದು, ಕೆಲವು ನಿಮಿಷಗಳಿಗೊಮ್ಮೆ ಎಚ್ಚೆತ್ತು ಅಂಕಿ ಕಳುಹಿಸುವುದರಿಂದ ಪುಟ್ಟ ಬ್ಯಾಟರಿಯೇ ವರ್ಷಗಟ್ಟಲೆ ಸಾಕು. ಆದರೆ ದಪ್ಪ ಕಲ್ಲು 2.4 ಗಿಗಾಹರ್ಟ್ಸ್ ಅಲೆಯನ್ನು ಬಹಳಷ್ಟು ಹೀರಿಬಿಡುತ್ತದೆ. ಅಂಥಲ್ಲಿ 868 ಮೆಗಾಹರ್ಟ್ಸ್ ಮೇಲು. ನಿರೋಧಕದ ಹಾಳೆಗೆ ಅಲ್ಯೂಮಿನಿಯಂ ಹೊದಿಕೆಯಿದ್ದರೆ ಯಾವ ಅಲೆಯೂ ಸಲೀಸಾಗಿ ದಾಟದು.

ಶಾಖಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ತೇವದ ಬಗ್ಗೆ. ಸುಣ್ಣದ ಗಾರೆಯ ಗೋಡೆ ನೀರನ್ನು ಹೀರಿ ಮತ್ತೆ ಆರಿಸಿಕೊಳ್ಳುತ್ತದೆ. ಒಳಬದಿಗೆ ನಿರೋಧಕ ಹಾಕಿದರೆ ಅದರ ಹಿಂದಿನ ಇಟ್ಟಿಗೆ ಇನ್ನಷ್ಟು ತಣ್ಣಗಾಗಿ, ಒಣಗುವುದು ನಿಧಾನವಾಗುತ್ತದೆ. ಇವೆರಡರ ನಡುವಿನ ಸಂದಿಯಲ್ಲಿಟ್ಟ ಸೆನ್ಸರ್ ದಿನಗಟ್ಟಲೆ ಶೇಕಡಾ 80ಕ್ಕೂ ಮೀರಿದ ಆರ್ದ್ರತೆ ತೋರಿಸಿದರೆ ಬೂಷ್ಟಿನ ಭಯವಿದೆ. ಗೋಡೆಯೊಳಗೆ ಹೂತ ಮರದ ತೊಲೆಯ ತುದಿಯೂ ಕಾಲಕ್ರಮೇಣ ಕೊಳೆಯಬಹುದು. ಹೊರಗಿನಿಂದ ಇದಾವುದೂ ಕಾಣುವುದಿಲ್ಲ. ಆದ್ದರಿಂದಲೇ ಕೆಲಸ ಮುಗಿದ ಮೇಲೂ ಆ ಸೆನ್ಸರ್‌ಗಳನ್ನು ಕನಿಷ್ಠ ಒಂದು ಪೂರ್ಣ ವರ್ಷ ಅಲ್ಲೇ ಬಿಡುವುದು ಒಳ್ಳೆಯದು.