ಧೋಲಾವೀರದ ಬೈರಿಗೆ ಮೊನೆ

ಕಚ್ಛ್‌ನ ದೊಡ್ಡ ರಣದ ಉಪ್ಪುಬಯಲಿನ ನಡುವೆ ಖದಿರ್ ಎಂಬ ದ್ವೀಪವಿದೆ. ಅಲ್ಲಿನ ಸಿಂಧೂ ನಾಗರಿಕತೆಯ ನಗರ ಧೋಲಾವೀರಕ್ಕೆ ಬಂದವರೆಲ್ಲ ಗಾಡಿ ಇಳಿದವರೇ ಕೋಟೆಯತ್ತ ನಡೆಯುತ್ತಾರೆ. ಸಹಜವೇ. ಸುಮಾರು 771 ಮೀಟರ್ ಉದ್ದ, 617 ಮೀಟರ್ ಅಗಲದ ಪ್ರಾಕಾರ, ಅದರೊಳಗೆ ಎತ್ತರದ ದುರ್ಗ, ಬಂಡೆಯನ್ನೇ ಕಡಿದು ಮಾಡಿದ ಜಲಾಶಯಗಳು, ಉತ್ತರ ಬಾಗಿಲ ಬಳಿ ಸಿಕ್ಕ, ಇಂದಿಗೂ ಯಾರೂ ಓದಲಾಗದ ಹತ್ತು ಚಿಹ್ನೆಗಳ ಫಲಕ. ಇಷ್ಟಿದ್ದ ಮೇಲೆ ಪಕ್ಕದ ಪುಟ್ಟ ಮ್ಯೂಸಿಯಂ ಯಾರಿಗೆ ಬೇಕು? ನನ್ನನ್ನು ಕೇಳಿದರೆ, ಮೊದಲು ಅಲ್ಲಿಗೇ ಹೋಗಬೇಕು. ಬಿಸಿಲು ತಪ್ಪಿಸಿಕೊಳ್ಳಲು ಅಲ್ಲ, ಮಣಿಗಳಿಗಾಗಿ.

ಜಗತ್‌ಪತಿ ಜೋಶಿ 1960ರ ದಶಕದಲ್ಲಿ ಗುರುತಿಸಿದ ಈ ನಿವೇಶನವನ್ನು 1990ರಿಂದ ಆರ್. ಎಸ್. ಬಿಷ್ಟ್ ನೇತೃತ್ವದಲ್ಲಿ ಅಗೆಯಲಾಯಿತು. 2021ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿತು. ಅಗೆದಾಗ ಸಿಕ್ಕವುಗಳಲ್ಲಿ ನನಗೆ ಎಲ್ಲಕ್ಕಿಂತ ಸೋಜಿಗವೆನಿಸುವುದು ಬೈರಿಗೆಯ ಕಲ್ಲಿನ ಮೊನೆಗಳು. ಒಂದೆರಡಲ್ಲ, ಸಾವಿರಕ್ಕೂ ಹೆಚ್ಚು. ಒಂದೊಂದೂ ಬೆಂಕಿಕಡ್ಡಿಯ ತುಂಡಿನಷ್ಟು.

ಕೆಂಪು ಅಕೀಕಿನ ಮಣಿ, ಅಂದರೆ ಕಾರ್ನೀಲಿಯನ್, ನೋಡಲು ಚೆಂದ. ಕೆಲಸಕ್ಕೆ ಮಹಾ ಮೊಂಡು. ಕಲ್ಲಿನಲ್ಲಿರುವ ಕಬ್ಬಿಣದ ಅಂಶ ಹದವಾಗಿ ಕಾಯಿಸಿದಾಗ ಹೆಮಟೈಟ್ ಆಗಿ ಆ ಕೆಂಪು ಏರುತ್ತದೆ. ಖಂಭಾತದ ಕುಶಲಕರ್ಮಿಗಳು ಇವತ್ತಿಗೂ ಕಲ್ಲನ್ನು ಹೀಗೇ ಬೇಯಿಸುತ್ತಾರೆ. ಬಣ್ಣ ಸುಲಭ, ಕಷ್ಟವಿರುವುದು ತೂತಿನಲ್ಲಿ. ಅಕೀಕು ಸ್ಫಟಿಕಶಿಲೆಯ ಬಳಗದ್ದು, ಉಕ್ಕಿನ ಚಾಕುವಿಗೂ ಜಗ್ಗುವುದಿಲ್ಲ. ಉಪಕರಣಕ್ಕೆ ತಾಮ್ರ, ಕಂಚು ಬಿಟ್ಟರೆ ಬೇರೆ ಲೋಹ ಇಲ್ಲದವರು ಅದನ್ನು ಕೊರೆದದ್ದು ಹೇಗೆ?

ಉತ್ತರ ಆ ಮೊನೆಗಳಲ್ಲಿದೆ. ಅವುಗಳಲ್ಲಿ ಹೆಚ್ಚಿನವು ‘ಅರ್ನೆಸ್ಟೈಟ್’ ಎಂಬ ವಿಚಿತ್ರ ಕಲ್ಲಿನವು. ಇನ್ನೊಂದು ಸಿಂಧೂ ನಿವೇಶನವಾದ ಚನ್ಹುದಾರೊದಲ್ಲಿ ಇಂಥ ಮೊನೆಗಳನ್ನು ಹೊರತೆಗೆದ ಪುರಾತತ್ವಜ್ಞ ಅರ್ನೆಸ್ಟ್ ಮೆಕೇ ನೆನಪಿಗೆ ಇಟ್ಟ ಹೆಸರಿದು. ಅದರಲ್ಲಿ ಸ್ಫಟಿಕಶಿಲೆ, ಸಿಲಿಮನೈಟ್, ಹೆಮಟೈಟ್‌ಗಳ ಜೊತೆಗೆ ಮುಲ್ಲೈಟ್ ಕೂಡ ಇದೆ. ಮುಲ್ಲೈಟ್ ಸಾಮಾನ್ಯವಾಗಿ ಹುಟ್ಟುವುದು ಭಾರೀ ಕಾವಿನಲ್ಲಿ. ಹಾಗಾಗಿ ಕುಶಲಕರ್ಮಿಗಳು ಒಂದು ಬಗೆಯ ಕಲ್ಲನ್ನು ಆರಿಸಿ, ಬೇಕೆಂದೇ ಸುಟ್ಟು ಗಟ್ಟಿ ಮಾಡಿದರೆಂಬ ವಾದವಿದೆ. ಮೊನೆಯ ನಡುಭಾಗ ತುದಿಗಿಂತ ಒಂದಿಷ್ಟು ಸಪೂರ. ಹೀಗಿದ್ದರೆ ಬೈರಿಗೆ ತೂತಿನ ಗೋಡೆಗೆ ಕಚ್ಚಿಕೊಳ್ಳದು.

ಪುರಾತತ್ವಜ್ಞ ಮಾರ್ಕ್ ಕೆನೊಯರ್ ಮತ್ತು ಸಂಗಡಿಗರು ಇಂಥ ಕಲ್ಲಿನ ಮೊನೆಯಿಂದ ಕೊರೆದೇ ನೋಡಿದರು. ಗಂಟೆಗೆ ಸಾಗಿದ್ದು ಸುಮಾರು ಎರಡೂವರೆ ಮಿಲಿಮೀಟರ್! ಆ ಲೆಕ್ಕದಲ್ಲಿ ಆರು ಸೆಂಟಿಮೀಟರ್ ಉದ್ದದ ಮಣಿಗೆ ಬರೀ ಕೊರೆತಕ್ಕೇ 24 ಗಂಟೆ. ಎರಡೂ ತುದಿಯಿಂದ ಕೊರೆದು ನಡುವೆ ಕೂಡಿಸಬೇಕು; ಕೊನೆಯಲ್ಲಿ ಮಣಿ ಸೀಳಿದರೆ ಅಷ್ಟೂ ದುಡಿಮೆ ನೀರುಪಾಲು. ಇಷ್ಟು ಹೊತ್ತು ಒಬ್ಬನನ್ನು ಮಣಿ ಕೊರೆಯಲು ಕೂರಿಸಬೇಕಾದರೆ ಅವನಿಗೆ ಅನ್ನ, ನೀರು, ಕಚ್ಚಾ ಕಲ್ಲು ಒದಗಿಸುವ ಊರು ಬೇಕು. ಮಣಿ ನೋಡಿಕೊಂಡು ಹೋದವರಿಗೆ ಹೊರಗಿನ ಜಲಾಶಯಗಳು ಬೇರೆಯೇ ಕಾಣುತ್ತವೆ ಎನ್ನುವುದು ಇದಕ್ಕೇ. ಕೋಟೆಯ ಆ ಭಾರೀ ಗೋಡೆಗಳು ಶತ್ರುಗಳಿಗಿಂತ ಹೆಚ್ಚಾಗಿ ಸರಕು ಮತ್ತು ಸುಂಕದ ಕಾವಲಿಗಿದ್ದವೇನೋ ಎಂಬ ಗುಮಾನಿ ನನಗೂ ಇದೆ.

ತೂತಿನ ಕಥೆ ಅಲ್ಲಿಗೇ ಮುಗಿಯುವುದಿಲ್ಲ. ತೂತಿನೊಳಗೆ ಸಿಲಿಕೋನ್ ತುಂಬಿ, ಅಚ್ಚು ತೆಗೆದು, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಇಟ್ಟರೆ ಒಳಗೋಡೆಯ ಗೀರುಗಳು ಕಾಣುತ್ತವೆ. ಅರ್ನೆಸ್ಟೈಟ್ ಬಿಡುವ ಗುರುತೇ ಬೇರೆ, ತಾಮ್ರದ ಬೈರಿಗೆಗೆ ಕುರುಂದದ ಪುಡಿ ಹಾಕಿ ಕೊರೆದದ್ದೇ ಬೇರೆ. ಇರಾಕಿನ ಉರ್ ನಗರದ ರಾಜಸಮಾಧಿಗಳಲ್ಲಿ ಸಿಕ್ಕ ಉದ್ದ ಕಾರ್ನೀಲಿಯನ್ ಮಣಿಗಳನ್ನು ಹೀಗೆ ಪರೀಕ್ಷಿಸಿದಾಗ ಸಿಂಧೂ ಕಸುಬಿನ ಗುರುತು ಸಿಕ್ಕಿತು. ಸ್ವಾರಸ್ಯವೆಂದರೆ, ಅಲ್ಲಿನ ಕೆಲವು ಮಣಿಗಳ ಆಕಾರ ಸಿಂಧೂ ನಗರಗಳಲ್ಲಿ ಕಾಣದಂಥದ್ದು. ಹಾಗಾದರೆ ಕಡಲು ದಾಟಿದ್ದು ಮಣಿಯೊಂದೇ ಅಲ್ಲ, ಬೈರಿಗೆ ಹಿಡಿದ ಕೆಲಸಗಾರರೂ ಹೋಗಿ ಅಲ್ಲಿಯವರ ಅಭಿರುಚಿಗೆ ತಕ್ಕಂತೆ ಮಣಿ ಮಾಡಿಕೊಟ್ಟಿರಬಹುದು ಎನ್ನುತ್ತಾರೆ ಕೆನೊಯರ್.