ಇನ್ನೂ ಕೊಳ್ಳದ ಕಾರು ಮತ್ತು ನಮ್ಮ ಮನೆಬಾಗಿಲು

ಹೋದ ವರ್ಷ ಮಗ ಶಿವಮೊಗ್ಗದಲ್ಲಿ ಮನೆ ಕಟ್ಟಿಸಿದ. ಗೃಹಪ್ರವೇಶದ ದಿನ ಬಾಗಿಲಿಗೆ ಮಾವಿನ ತೋರಣ, ಎರಡೂ ಬದಿಗೆ ಬಾಳೆಕಂಬ, ಹೊಸ್ತಿಲಿಗೆ ಅರಿಶಿನ ಕುಂಕುಮ. ಮುಂದೆ ನಾನೇ ನಸುಕಿನಲ್ಲಿ ಎದ್ದು ಹಾಕಿದ ದೊಡ್ಡ ರಂಗೋಲಿ. ಬಂದವರೆಲ್ಲ "ಬಾಗಿಲೇ ಬನ್ನಿ ಬನ್ನಿ ಅಂತ ಕರೀತಿದೆ" ಎಂದು ಹೊಗಳಿದರು. ನಾನೂ ಬೀಗಿದೆ.

ಆ ಬಾಗಿಲು ನಮ್ಮ ಅತ್ತೆಯವರನ್ನು ಮಾತ್ರ ಕರೆಯಲಿಲ್ಲ.

ಅತ್ತೆಗೆ ಈಗ 86. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದ ಮೇಲೆ ವಾಕರ್ ಹಿಡಿದೇ ನಡೆಯುತ್ತಾರೆ. ಅವತ್ತು ಹೊಸ ಸೀರೆ ಉಟ್ಟು, ಕಾರಿನಿಂದ ಇಳಿದು, ಮೆಟ್ಟಿಲವರೆಗೆ ತಾವೇ ಬಂದರು. ಕನ್ನಡಿಯಂತೆ ಹೊಳೆಯುವ ಕಪ್ಪು ಗ್ರಾನೈಟಿನ ಮೂರು ಮೆಟ್ಟಿಲು, ಹಿಡಿದುಕೊಳ್ಳಲು ಏನೂ ಇಲ್ಲ. ಹತ್ತಿದರೆ ಮುಂದೆ ನಾಲ್ಕು ಇಂಚಿನ ಹೊಸ್ತಿಲು. ಪುರೋಹಿತರು ಮುಹೂರ್ತ ಮೀರುತ್ತದೆ ಎಂದು ಅವಸರ ಮಾಡುತ್ತಿದ್ದರು. ಕಡೆಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಇಬ್ಬರು ಎತ್ತಿಕೊಂಡು ಒಳಗೆ ತಂದರು.

ಅತ್ತೆ ಆಮೇಲೆ ಇಡೀ ದಿನ ಬಾಯಿ ಬಿಡಲಿಲ್ಲ. ರಾತ್ರಿ ಮಾತ್ರೆ ಕೊಡಲು ಹೋದಾಗ, "ಅಡಿಕೆ ಮೂಟೆ ತಂದ ಹಾಗೆ ತಂದ್ರಿ ಕಣೇ ನನ್ನ" ಎಂದರು. ಮೂರನೇ ದಿನಕ್ಕೆ ಊರಿಗೆ ಹೋಗುತ್ತೇನೆ ಎಂದು ಹಟ ಹಿಡಿದರು. ಊರಿನ ಮನೆಗೆ ಬೀಗ ಹಾಕಿ ಬಂದಿದ್ದೆವು. ಅಲ್ಲಿ ಅವರನ್ನು ನೋಡಿಕೊಳ್ಳುವವರು ಯಾರೂ ಇರಲಿಲ್ಲ.

ನಮ್ಮೂರು ಸಾಗರದ ಹತ್ತಿರದ ಹಳ್ಳಿ. ಹಳೆಯದೆಲ್ಲ ಚಿನ್ನ ಎಂದು ನಾನು ಹೇಳುವುದಿಲ್ಲ. ಆ ಮನೆಗೂ ಮೆಟ್ಟಿಲಿವೆ, ಅದರ ಹೊಸ್ತಿಲು ಇನ್ನೂ ಎತ್ತರ, ತಲೆಬಾಗಿಲು ಎಷ್ಟು ಗಿಡ್ಡವೆಂದರೆ ಮದುವೆಯಾಗಿ ಬಂದ ವರ್ಷ ನನ್ನ ಹಣೆ ಅದಕ್ಕೆ ಬಡಿಯದ ವಾರವಿಲ್ಲ. ಸೊಂಟ ಮುರಿದ ಮೇಲೆ ಅತ್ತೆ ಅಲ್ಲೂ ಕೊಟ್ಟಿಗೆ ಕಡೆಯ ಬಾಗಿಲಿಂದಲೇ ಓಡಾಡುತ್ತಿದ್ದರು. ಆದರೆ ಆ ಮನೆಗೆ ಜಗಲಿ ಇತ್ತು.

ಮಕ್ಕಳೇ, ಜಗಲಿ ಎಂದರೆ ಮನೆಯ ಮುಂದಿನ ಎತ್ತರದ ಕಟ್ಟೆ. ಮೇಲೆ ಮಾಡು, ನಡುನಡುವೆ ಮರದ ಕಂಬ. ಅದು ಪೂರ್ತಿ ಒಳಗೂ ಅಲ್ಲ, ಪೂರ್ತಿ ಹೊರಗೂ ಅಲ್ಲ. ಬಂದವರು ಅಂಗಳದಲ್ಲಿ ಕಾಲು ತೊಳೆದು ಅಲ್ಲಿ ಕೂರುತ್ತಿದ್ದರು. ಯಾರು, ಏನು ಎಂದು ಕೇಳುವ ಮೊದಲೇ ಬೆಲ್ಲ, ನೀರು. "ಆಸರಿಗೆ ಏನು ಕೊಡ್ಲಿ?" ಎನ್ನುವುದು ಅತ್ತೆಯ ಬಾಯಲ್ಲಿ ಮೊದಲ ಮಾತು. ಬಾಯಾರಿಕೆಗೆ ಏನು ಬೇಕು ಎಂದು ಅದರ ಅರ್ಥ. ಸುಗ್ಗಿಯಲ್ಲಿ ರಾತ್ರಿಯೆಲ್ಲ ಅಲ್ಲೇ ಅಡಿಕೆ ಸುಲಿತ. ನನ್ನ ಮಗ ಮಗ್ಗಿ ಕಲಿತದ್ದು ಅಲ್ಲೇ. ಕಡೇ ಬಸ್ಸು ತಪ್ಪಿದವರು ಕಂಬಳಿ ಹೊದ್ದು ಮಲಗಿದ್ದೂ ಅಲ್ಲೇ. ಅತ್ತೆ ಊರಿಗೆ ಹೋಗುತ್ತೇನೆ ಎಂದದ್ದು ಆ ಜಗಲಿಗೆ ಹೋಗುತ್ತೇನೆ ಎಂದು ನನಗೆ ಅರ್ಥವಾಗಲು ಸ್ವಲ್ಪ ದಿನ ಹಿಡಿಯಿತು.

ಮಗನಿಗೆ ಹೇಳಿದೆ. "ಜಾಗ ಎಲ್ಲಿದೆ ಅಮ್ಮಾ?" ಎಂದ. ಮನೆ ಮುಂದೆ ಎರಡು ಕಾರು ನಿಲ್ಲುವಷ್ಟು ಜಾಗ ಬಿಟ್ಟಿದ್ದರು. ಇದ್ದದ್ದು ಒಂದೇ ಕಾರು. ಇನ್ನೊಂದು, ಮುಂದೆಂದಾದರೂ ಕೊಂಡರೆ ಇರಲಿ ಎಂದು. ನಮ್ಮವರು ಪೇಪರಿನಿಂದ ತಲೆ ಎತ್ತದೆ, "ಕೊಳ್ಳದ ಕಾರಿಗೆ ಜಾಗ ಉಂಟು, ಹೆತ್ತ ತಾಯಿಗೆ ಇಲ್ಲ" ಎಂದರು. ಅಷ್ಟು ಖಾರ ಬೇಕಿರಲಿಲ್ಲ. ಮಗನ ಮುಖ ಚಿಕ್ಕದಾಯಿತು. ಆದರೆ ಮರುದಿನವೇ ಅಳತೆ ಟೇಪು ತಂದ.

ಲೆಕ್ಕ ಮಾಡಿದವಳು ಐದನೇ ಕ್ಲಾಸಿನ ಮೊಮ್ಮಗಳು. ವಾಕರ್ ಅಥವಾ ಗಾಲಿಕುರ್ಚಿ ಹತ್ತುವ ರ‍್ಯಾಂಪಿಗೆ ಒಂದು ನಿಯಮವಿದೆ: 1 ಇಂಚು ಎತ್ತರಕ್ಕೆ ಕನಿಷ್ಠ 12 ಇಂಚು ಉದ್ದದ ಇಳಿಜಾರು. ಅದಕ್ಕಿಂತ ಕಡಿದಾದರೆ ಹತ್ತುವಾಗ ಏದುಸಿರು, ಇಳಿಯುವಾಗ ಭಯ. ನಮ್ಮ ಮೆಟ್ಟಿಲು ತಲಾ 6 ಇಂಚು, ಮೂರು ಸೇರಿ 18 ಇಂಚು. ಅದನ್ನು 12ರಿಂದ ಗುಣಿಸಿದರೆ 216 ಇಂಚು, ಅಂದರೆ 18 ಅಡಿ. "ಅಜ್ಜಿ, ಎಷ್ಟು ಇಂಚು ಎತ್ತರವೋ ಅಷ್ಟೇ ಅಡಿ ಉದ್ದ!" ಎಂದು ಕುಣಿದಳು. ಹೌದಲ್ಲ, 12 ಇಂಚಿಗೆ ಒಂದು ಅಡಿ, ಹಾಗಾಗಿ ಈ ಲೆಕ್ಕ ಬಾಯಲ್ಲೇ ಆಗುತ್ತದೆ. ನೀವೂ ಸ್ಕೇಲ್ ಹಿಡಿದು ನಿಮ್ಮ ಮನೆಯ ಮೆಟ್ಟಿಲು ಅಳೆದು ನೋಡಿ.

ಹದಿನೆಂಟು ಅಡಿ ನೇರವಾಗಿ ಹೋದರೆ ಗೇಟು ದಾಟಿ ರಸ್ತೆಗೇ ಬರುತ್ತಿತ್ತು. ಅದಕ್ಕೆ ದಾರಿಯನ್ನು ಮಡಿಸಿದೆವು. 9 ಅಡಿ ಹತ್ತಿ, ನಡುವೆ ಸಮತಟ್ಟಾದ ಜಾಗದಲ್ಲಿ ತಿರುಗಿ, ಮತ್ತೆ 9 ಅಡಿ. ಬರಲಿರುವ ಕಾರಿನ ಜಾಗ ಪೂರ್ತಿ ಹೋಯಿತು. ನೆಲಕ್ಕೆ ಒರಟು ಕಲ್ಲು, ಎರಡೂ ಬದಿಗೆ ರೇಲಿಂಗ್. ಅದರ ಎತ್ತರವನ್ನು ಅತ್ತೆಯನ್ನೇ ನಿಲ್ಲಿಸಿ ಗುರುತು ಹಾಕಿಸಿದೆವು.

ದೊಡ್ಡ ಜಗಳ ನಡೆದದ್ದು ಹೊಸ್ತಿಲಿಗೆ. ತೆಗೆದುಬಿಡೋಣ ಎಂದ ಮಗ. "ಹೊಸ್ತಿಲಿಲ್ಲದ ಮನೆಗೆ ನಾ ಕಾಲಿಡೋದಿಲ್ಲ" ಎಂದರು ಅತ್ತೆ. ಎಡವಿ ಬೀಳುವ ಭಯ ಇರುವವರೂ ಅವರೇ, ಹೊಸ್ತಿಲು ಬೇಕು ಎನ್ನುವವರೂ ಅವರೇ! ಬಡಗಿಯೇ ದಾರಿ ತೋರಿಸಿದ. ಅರ್ಧ ಇಂಚು ಮಾತ್ರ ಉಳಿಸಿ, ಎರಡೂ ಅಂಚನ್ನು ಇಳಿಜಾರಾಗಿ ಹೆರೆದುಕೊಟ್ಟ. ಅರಿಶಿನ ಕುಂಕುಮ ಹಚ್ಚಲು ಅಷ್ಟು ಸಾಕು, ವಾಕರಿನ ಕಾಲು ದಾಟಲೂ ಅಡ್ಡಿಯಿಲ್ಲ.

ಬಾಗಿಲ ಪಕ್ಕದಲ್ಲಿ ಆರು ಅಡಿ ಉದ್ದದ ಪುಟ್ಟ ಜಗಲಿ ಎದ್ದಿತು. ಕೂರುವ ಕಟ್ಟೆ ತಗ್ಗಾದರೆ ಏಳುವಾಗ ಮಂಡಿ ಕೂಗುತ್ತದೆ, ಎತ್ತರವಾದರೆ ಕಾಲು ನೇತಾಡುತ್ತದೆ. ಅತ್ತೆಯ ಮೊಣಕಾಲಿನ ಹಿಂಭಾಗದಿಂದ ಹಿಮ್ಮಡಿಯವರೆಗೆ ಅಳೆದರೆ 16 ಇಂಚು ಬಂತು. ಏಳಲು ಸುಲಭವಾಗಲಿ ಎಂದು 17 ಮಾಡಿಸಿದೆವು. ಮೇಲೆ ರೆಡ್ ಆಕ್ಸೈಡ್. ಆ ಕೆಲಸ ಬಲ್ಲ ಗಾರೆಯವರನ್ನು ಹುಡುಕುವುದರಲ್ಲೇ ಎರಡು ವಾರ ಕಳೆಯಿತು.

ಉಳಿದದ್ದೆಲ್ಲ ಸಣ್ಣಪುಟ್ಟ ಕೆಲಸ. ಮೊಮ್ಮಗಳಿಗೆ ಎಟುಕದ ಕರೆಗಂಟೆಯನ್ನು ನಾಲ್ಕಡಿಗೆ ಇಳಿಸಿದೆವು. ಬಂದವರ ಮುಖ ಕಾಣುವಂತೆ ಒಂದು ದೀಪ, ರಸ್ತೆಯಿಂದಲೇ ಓದುವಂತೆ ಮನೆ ನಂಬರ್. ನನ್ನ ರಂಗೋಲಿಯೂ ಪಕ್ಕಕ್ಕೆ ಸರಿಯಿತು, ನಡೆಯುವ ದಾರಿಯಲ್ಲಿ ಪುಡಿ ಬಿದ್ದರೆ ಕಾಲು ಜಾರುತ್ತದೆ. ಈಗ ಮೂಲೆಯಲ್ಲಿ ಅಕ್ಕಿಹಿಟ್ಟಿನಲ್ಲಿ ಚಿಕ್ಕದಾಗಿ ಹಾಕುತ್ತೇನೆ, ಇರುವೆಗಳಿಗೆ ಹಬ್ಬ. ಅಂಟಿಸುವ ಪ್ಲಾಸ್ಟಿಕ್ ರಂಗೋಲಿ ಕಂಡರೆ ನನಗೆ ಮೈ ಉರಿಯುತ್ತದೆ. ಆದರೆ ಸೊಸೆ ಕಟ್ಟಿದ ಪ್ಲಾಸ್ಟಿಕ್ ತೋರಣ ಇನ್ನೂ ಬಾಗಿಲಲ್ಲೇ ಇದೆ, ಸುಮ್ಮನಿದ್ದೇನೆ.

ಕೆಲಸ ಮುಗಿದ ದಿನ ಅತ್ತೆಯನ್ನು ಗೇಟಿನ ಹತ್ತಿರ ಕರೆದೊಯ್ದೆವು. ಮೊಮ್ಮಗಳು "ದೊಡ್ಡಜ್ಜೀ, ನಾನು ಹಿಡ್ಕೊಳ್ಲಾ?" ಎಂದಳು. "ಬೇಡ" ಎಂದರು. ವಾಕರ್ ಊರುತ್ತ, ನಿಧಾನ ಹತ್ತಿದರು. ತಿರುವಿನಲ್ಲಿ ರೇಲಿಂಗ್ ಹಿಡಿದು ನಿಂತು ಉಸಿರು ತೆಗೆದುಕೊಂಡರು. ಹೊಸ್ತಿಲು ದಾಟಿ, ತಿರುಗಿ ನೋಡಿದರು. ನಾವೆಲ್ಲ ಕೆಳಗೆ ಗುಂಪಾಗಿ ನಿಂತಿದ್ದೆವು.

"ಅಲ್ಲೇ ಯಾಕೆ ನಿಂತ್ರಿ? ಒಳಗೆ ಬನ್ನಿ" ಎಂದರು.

ಊರಿನ ಮಾತು ಆಮೇಲೆ ಎತ್ತಲಿಲ್ಲ. ಸಂಜೆ ನಾಲ್ಕಕ್ಕೆ ಜಗಲಿ ಮೇಲೆ ಹಾಜರು, ಪಕ್ಕದಲ್ಲಿ ಬೆಲ್ಲದ ಡಬ್ಬಿ, ನೀರಿನ ಚೊಂಬು. ಮೊನ್ನೆ ಪಾರ್ಸೆಲ್ ತಂದ ಹುಡುಗ ಸಹಿಗಾಗಿ ಮೊಬೈಲ್ ಚಾಚಿದರೆ ಇವರು, "ಅದಿರ‍್ಲಿ, ಆಸರಿಗೆ ಏನು ಕೊಡ್ಲಿ?" ಎಂದರು. ಅವನಿಗೆ ಮಾತು ತಿಳಿಯಲಿಲ್ಲ. ಬೆಲ್ಲ ಕೈಗೆ ಬಂದಾಗ ತಿಳಿಯಿತು. ಹೆಲ್ಮೆಟ್ ತೆಗೆದು ಎರಡು ನಿಮಿಷ ಕೂತು, ಬಾಟಲಿ ತುಂಬಿಸಿಕೊಂಡು ಹೋದ.