ಎರಡು ಎಕ್ಸ್‌ಗಳಲ್ಲಿ ಎಚ್ಚರವಾಗಿರುವುದು ಯಾವುದು?

ಶಂಶಾಬಾದ್ ವಿಮಾನ ನಿಲ್ದಾಣದಲ್ಲಿ ಇಳಿದವರೆಲ್ಲ ಚಾರ್ಮಿನಾರ್ ಕೇಳುತ್ತಾರೆ, ಬಿರಿಯಾನಿ ಕೇಳುತ್ತಾರೆ. ಹಬ್ಸಿಗುಡ ಎಲ್ಲಿ ಎಂದು ಕೇಳುವವರು ಕಡಿಮೆ. ಆದರೆ ಹೈದರಾಬಾದಿನ ನಿಜವಾದ ಬೆರಗು ಅಲ್ಲೊಂದು ಕಟ್ಟಡದೊಳಗಿದೆ! ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಶಾಖೆ ಅದು. ಹೌದು, ಲೆಕ್ಕದವರ ಸಂಸ್ಥೆಯೇ. ಅಲ್ಲಿನ ಶಿಲ್ಪಿ ದಾಸ್‌ಗುಪ್ತಾ, ಬಿ. ಮೋಹನ್ ರೆಡ್ಡಿ ಮತ್ತು ಸಂಗಡಿಗರು, ಮನೆಮನೆಯಲ್ಲೂ ಪಿಸಿಒಡಿ ಎಂದು ಕರೆಸಿಕೊಳ್ಳುವ, ವೈದ್ಯರು ಪಿಸಿಒಎಸ್ ಎನ್ನುವ ಅಂಡಾಶಯದ ತೊಂದರೆಯ ಜಾಡು ಹಿಡಿದು ಹೆಣ್ಣಿನ ವರ್ಣತಂತುವಿನೊಳಕ್ಕೇ ಇಳಿದರು.

ಮುಟ್ಟು ತಿಂಗಳುಗಟ್ಟಲೆ ಮುಂದೆ ಹೋಗುವುದು, ಗಲ್ಲದ ಮೇಲೆ ಕೂದಲು, ಹೋಗದ ಮೊಡವೆ, ನಿಲ್ಲದ ಗರ್ಭ: ಇವೇ ಅದರ ಲಕ್ಷಣಗಳು. 1935ರಲ್ಲಿ ಶಿಕಾಗೋದ ಸ್ಟೀನ್ ಮತ್ತು ಲೆವೆಂಥಾಲ್ ಏಳು ಹೆಂಗಸರಲ್ಲಿ ಇದನ್ನು ವಿವರಿಸಿದರು. ಗಂಡು ಹಾರ್ಮೋನು ಎಂದೇ ಹೆಸರಾದ ಆಂಡ್ರೊಜನ್ನಿನ ಹಾವಳಿ ಇದರಲ್ಲಿ ದೊಡ್ಡದು. ಆ ಹಾರ್ಮೋನನ್ನು ಬರಮಾಡಿಕೊಳ್ಳುವ ಗ್ರಾಹಕದ ಜೀನ್ ಇರುವುದು ಎಕ್ಸ್ ವರ್ಣತಂತುವಿನ ಮೇಲೆ. ಅದರೊಳಗೆ ಸಿ-ಎ-ಜಿ ಎಂಬ ಡಿಎನ್‌ಎಯ ಮೂರಕ್ಷರ ಜಪ ಮಾಡಿದ ಹಾಗೆ ಮತ್ತೆ ಮತ್ತೆ ಬರುತ್ತದೆ. ಸಾಲು ಗಿಡ್ಡವಾದಷ್ಟೂ ಗ್ರಾಹಕ ಚುರುಕು!

ಹಾಗಾದರೆ ಪಿಸಿಒಎಸ್ ಇರುವವರಲ್ಲಿ ಸಾಲು ಗಿಡ್ಡವಿರಬೇಕಲ್ಲವೇ? ತೊಂದರೆ ಇದ್ದ 250 ಮಂದಿ, ಇಲ್ಲದ 299 ಮಂದಿಯಲ್ಲಿ ಹೈದರಾಬಾದಿನ ತಂಡ ಎಣಿಸಿತು. ಸರಾಸರಿ 18.74 ಮತ್ತು 18.73. ಏನೇನೂ ವ್ಯತ್ಯಾಸವಿಲ್ಲ.

ಕಥೆ ರಂಗೇರುವುದು ಇಲ್ಲಿಂದಲೇ. ಹೆಣ್ಣಿಗೆ ಎಕ್ಸ್ ಎರಡು. ಆದರೆ ಪ್ರತಿ ಕೋಶದಲ್ಲೂ ಒಂದು ಮಲಗಿರುತ್ತದೆ. 1961ರಲ್ಲಿ ಮೇರಿ ಲಯನ್ ಹೇಳಿದ್ದು ಇದನ್ನೇ. ಕಪ್ಪು, ಕಿತ್ತಳೆ ತೇಪೆಯ ಹೆಣ್ಣು ಬೆಕ್ಕನ್ನು ನೋಡಿದ್ದೀರಲ್ಲ, ಆ ಬಣ್ಣದಾಟ ಇದರದ್ದೇ. ಮಲಗಿದ ಎಕ್ಸನ್ನು ಪತ್ತೆ ಹಚ್ಚುವ ಉಪಾಯವಂತೂ ಇನ್ನೂ ಸೊಗಸು. ಅದಕ್ಕೆ ಮಿಥೈಲ್ ಎಂಬ ಗುರುತು ಅಂಟಿರುತ್ತದೆ. ಡಿಎನ್‌ಎ ಕತ್ತರಿಸುವ ಒಂದು ಕಿಣ್ವವಿದೆ. ಮಿಥೈಲ್ ಇರುವಲ್ಲಿ ಅದರ ಹಲ್ಲು ನಾಟುವುದಿಲ್ಲ. ಎಚ್ಚರವಾಗಿದ್ದ ಎಕ್ಸ್ ತುಂಡಾಗುತ್ತದೆ, ಮಲಗಿದ್ದು ಉಳಿಯುತ್ತದೆ. ಉಳಿದದ್ದರ ಸಿ-ಎ-ಜಿ ಎಣಿಸಿದರಾಯಿತು, ಗಿಡ್ಡ ಸಾಲಿನದು ಮಲಗಿತ್ತೋ ಉದ್ದದ್ದೋ ಗೊತ್ತಾಗಿಬಿಡುತ್ತದೆ!

2010ರಲ್ಲಿ ಪ್ರಕಟವಾದ ಫಲಿತಾಂಶ: ಎರಡರಲ್ಲಿ ಒಂದೇ ಎಕ್ಸ್ ಮೇಲುಗೈ ಪಡೆದಿದ್ದ ಹೆಂಗಸರನ್ನು ಮಾತ್ರ ನೋಡಿದರೆ, ಪಿಸಿಒಎಸ್ ಇರುವವರಲ್ಲಿ ಗಿಡ್ಡ ಸಾಲಿನ ಎಕ್ಸ್ ಎಚ್ಚರವಾಗಿದ್ದದ್ದು ಹೆಚ್ಚು. ಸಂಖ್ಯಾಶಾಸ್ತ್ರದ ಕಟ್ಟುನಿಟ್ಟಿಗೆ ಅದು ನಿಲ್ಲಲಿಲ್ಲ, ಬರೀ ಒಲವು ಎಂದು ಅವರೇ ಬರೆದರು. ಲೆಕ್ಕದವರ ಮನೆಯ ಈ ಪ್ರಾಮಾಣಿಕತೆ ನನಗೆ ಆ ಒಲವಿಗಿಂತ ಹೆಚ್ಚು ಹಿಡಿಸಿತು.

ಅಷ್ಟರಲ್ಲಿ ಹೊರಗಿನ ಜಗತ್ತು ಇಡೀ ಜೀನೋಮನ್ನೇ ಜಾಲಾಡುತ್ತಿತ್ತು. 2006ರಲ್ಲಿ ಡಚ್ ಅವಳಿಗಳ ಅಧ್ಯಯನವು ಈ ತೊಂದರೆಯಲ್ಲಿ ವಂಶದ ಪಾಲು ಸುಮಾರು ಶೇ. 70 ಎಂದಿತ್ತು. 2011ರಲ್ಲಿ ಚೀನಾದವರು ಈ ತೊಂದರೆಯ ನಂಟಿರುವ ಮೂರು ತಾಣಗಳನ್ನು ಜೀನೋಮಿನಲ್ಲಿ ಹುಡುಕಿದರು. 2018ರ ಹೊತ್ತಿಗೆ, ಹತ್ತು ಸಾವಿರಕ್ಕೂ ಹೆಚ್ಚು ರೋಗಿಗಳ ಮಾಹಿತಿ ಕೂಡಿಸಿದಾಗ, ಅವು 14 ಆದವು. ಅವುಗಳಲ್ಲೊಂದು ಡಿಇಎನ್‌ಎನ್‌ಡಿ1ಎ, ಒಂಬತ್ತನೇ ವರ್ಣತಂತುವಿನದು. ಅದರ ಒಂದು ರೂಪವನ್ನು ಆರೋಗ್ಯವಂತರ ಅಂಡಾಶಯದ ಕೋಶಗಳಲ್ಲಿ ಹೆಚ್ಚಿಸಿದರೆ ಸಾಕು, ಅವು ಪಿಸಿಒಎಸ್ ಕೋಶಗಳಂತೆಯೇ ಆಂಡ್ರೊಜನ್ ಸುರಿಸತೊಡಗುತ್ತವೆ! ಇನ್ನೊಂದು ವಿಚಿತ್ರ ಕೇಳಿ: ಅಂಡಾಶಯವೇ ಇಲ್ಲದ ಗಂಡಸರೂ ಈ ಜೀನ್‌ಗಳನ್ನು ಹೊತ್ತಿರುತ್ತಾರೆ, ಬೊಜ್ಜು, ಸಕ್ಕರೆ ಕಾಯಿಲೆ, ಬೊಕ್ಕತಲೆಗಳ ಅಪಾಯವಾಗಿ.

ಇಷ್ಟಾದರೂ ಪಿಸಿಒಎಸ್ ಇದೆ ಅಥವಾ ಇಲ್ಲ ಎಂದು ಹೇಳಬಲ್ಲ ಜೀನ್ ಪರೀಕ್ಷೆ ಇಲ್ಲ. ಯಾರಾದರೂ ಅಂಥದ್ದನ್ನು ಮಾರಲು ಬಂದರೆ ದುಡ್ಡು ಕೊಡಬೇಡಿ. ಮುಟ್ಟಿನ ನಡುವಿನ ಅಂತರ ಮತ್ತೆ ಮತ್ತೆ 35 ದಿನ ದಾಟುತ್ತಿದ್ದರೆ ವೈದ್ಯರ ಬಳಿ ಹೋಗಿ, ಅಮ್ಮ, ಅಕ್ಕತಂಗಿಯರ ಮುಟ್ಟಿನ ವಿಚಾರವನ್ನೂ ಅಪ್ಪನ ಸಕ್ಕರೆ ಕಾಯಿಲೆಯನ್ನೂ ಮುಚ್ಚಿಡದೆ ಹೇಳಿ.